ಸಣ್ಣ ರಿಪೇರಿಯೂ ಒಂದು ಉದ್ಯೋಗ
(ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತು)



ನಲ್ಲಿ ಸೋರಿದರೆ, ಹೋಲ್ಡರ್ ಸುಟ್ಟರೆ, ಬಾಗಿಲ ಚಿಲಕ ಕಳಚಿದರೆ ಪೇಟೆಯಿಂದ ಯಾರೂ ಬರುವುದಿಲ್ಲ. ಆ ಕೆಲಸವನ್ನೇ ನಾವು ಮೂವರು ಹಿಡಿದೆವು. ಕಲಿಯುವುದಕ್ಕೆ ದಾರಿಯುಂಟು, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ-ವಸತಿ ಕೊಟ್ಟು ಪುಕ್ಕಟೆ ಕಲಿಸುತ್ತದೆ.

ಕಷ್ಟವಿರುವುದು ಕೂಲಿ ಕೇಳುವುದರಲ್ಲಿ! "ಒಂದು ವಾಷರ್ ಹಾಕಿದ್ದಕ್ಕೆ ನೂರು ರೂಪಾಯಿಯೇನೋ ತಮ್ಮಾ?" ಅಂತಾರೆ. ವಾಷರಿಗೆ ಐದೇ ರೂಪಾಯಿ, ನಿಜ. ಪೆಟ್ರೋಲು, ಸವೆದ ಪಾನಾ, ಹೋದ ಅರ್ಧ ದಿನ ಯಾರ ಲೆಕ್ಕಕ್ಕೆ? ಈಗ ಮೊದಲೇ ಚೀಟಿ ಬರೆದು ತೋರಿಸುತ್ತೇವೆ: ಸಾಮಾನಿಗೆ ಇಷ್ಟು, ಕೈಕೂಲಿ ಇಷ್ಟು. ಒಪ್ಪಿದ ಮೇಲೇ ಚೀಲ ಬಿಚ್ಚುವುದು. ಜಗಳ ನಿಂತಿತು, ಉದ್ರಿ ನಿಂತಿಲ್ಲ. ಸುಗ್ಗಿಗೆ ಕೊಡ್ತೀವಿ ಅಂದವರ ಪಟ್ಟಿ ಇಲ್ಲಿ ಓದುವುದಿಲ್ಲ, ಹೆದರಬೇಡಿ.

ಕೆಲಸ ಬೆಳೆಯಬೇಕಾದರೆ ಡ್ರಿಲ್ ಮೆಷಿನ್ನು, ಏಣಿ, ಇನ್ನೊಬ್ಬ ಹುಡುಗ ಬೇಕು. 2023ರಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಶೇ. 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲವೇನೋ ಇದೆ. ಆದರೆ ಅದರ 18 ಕಸುಬುಗಳಲ್ಲಿ ಬಡಗಿ, ಗಾರೆಯವರಿದ್ದಾರೆ. ಪ್ಲಂಬರ್, ಎಲೆಕ್ಟ್ರಿಷಿಯನ್ ಇಲ್ಲ. ಅಲ್ಲಿ ಬಿಟ್ಟುಹೋದವರಿಗೆ ನಮ್ಮ ಸಂಘವೇ ಗತಿ. ಹೊಲವಿಲ್ಲದ ಹುಡುಗನಿಗೂ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಉಪಕರಣ ಸಾಲ ಕೊಡುವ ಠರಾವು ಮುಂದಿನ ಮಹಾಸಭೆಗೆ ಬರಲಿ. ಮೊದಲ ಅರ್ಜಿ ನಮ್ಮದೇ.