ಬಿಳಿ ಕಾರ್ಡಿನ ಮೇಲೊಂದು ಹಸಿರು ‘ಟಿ’

ಬಿಳಿ ಕಾರ್ಡುಗಳು, ಬಣ್ಣದ ಶಾಯಿ, ಅಕ್ಷರ ಮೂಡಿಸಲು ಒಂದು ಅಚ್ಚು. ದೃಷ್ಟಿ ಸಂಶೋಧನೆಯಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳಲ್ಲೊಂದು ಶುರುವಾದದ್ದು ಹೀಗೆ ಕೈಯಿಂದ ಮಾಡಿದ ಚಿತ್ರಗಳಿಂದ. ಬರೆದವರು ಆನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್. 1980ರಲ್ಲಿ ‘ಕಾಗ್ನಿಟಿವ್ ಸೈಕಾಲಜಿ’ಯಲ್ಲಿ ಬಂತು, ನಲವತ್ತು ಪುಟ. ಅದನ್ನು ಉಲ್ಲೇಖಿಸಿದ ಬರಹಗಳು ಹತ್ತು ಸಾವಿರ ದಾಟಿವೆ.

ಹತ್ತು ಸಾವಿರ ಅಂದ ಕೂಡಲೇ ‘ಹಾಗಾದರೆ ಟ್ರೀಸ್‌ಮನ್ ಹೇಳಿದ್ದೇ ಸರಿ’ ಎಂದುಕೊಳ್ಳುವುದು ಸುಲಭ. ಆದರೆ ಆ ಹತ್ತು ಸಾವಿರದೊಳಗೆ ಎಷ್ಟು ಜಗಳ ತುಂಬಿದೆ ನೋಡಿ.

ಮೊದಲು ಪ್ರಯೋಗ. ಕಾರ್ಡಿನ ತುಂಬ ಕಂದು ‘ಟಿ’ಗಳು, ಹಸಿರು ‘ಎಕ್ಸ್’ಗಳು. ಅವುಗಳ ನಡುವೆ ಒಂದು ನೀಲಿ ಅಕ್ಷರ ಇಟ್ಟರೆ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ. ಸುತ್ತ ಐದು ಅಕ್ಷರವಿರಲಿ, ಮೂವತ್ತಿರಲಿ, ಹಿಡಿಯುವ ಸಮಯ ಹೆಚ್ಚುಕಡಿಮೆ ಅಷ್ಟೇ. ಈಗ ಹಸಿರು ‘ಟಿ’ ಹುಡುಕಿ. ಹಸಿರೂ ಬೇಕಾದಷ್ಟಿದೆ, ‘ಟಿ’ಯೂ ಬೇಕಾದಷ್ಟಿದೆ, ಎರಡೂ ಒಂದರಲ್ಲೇ ಸೇರಿದ್ದು ಮಾತ್ರ ಒಂದೇ. ಇಲ್ಲಿ ಒಂದೊಂದು ಅಕ್ಷರ ಹೆಚ್ಚಿದಂತೆಯೂ ಸಮಯ ಏರುತ್ತದೆ, ಸುಮಾರು 30 ಮಿಲಿಸೆಕೆಂಡಿನಷ್ಟು. ಹಸಿರು ‘ಟಿ’ ಇಲ್ಲದ ಕಾರ್ಡಿನಲ್ಲಿ ‘ಇಲ್ಲ’ ಅನ್ನಲು ಅದರ ಎರಡು ಪಟ್ಟಿಗೂ ಮೀರಿ.

ಟ್ರೀಸ್‌ಮನ್ ಇದರಿಂದ ತೆಗೆದ ತೀರ್ಮಾನ ದಿಟ್ಟವಾದದ್ದು: ಬಣ್ಣ, ಆಕಾರಗಳನ್ನು ಮಿದುಳು ಬೇರೆ ಬೇರೆಯಾಗಿ, ಒಟ್ಟೊಟ್ಟಿಗೆ ಹಿಡಿಯುತ್ತದೆ, ಅವನ್ನು ಒಂದು ವಸ್ತುವಾಗಿ ಹೊಲಿಯುವುದು ಗಮನ. ಗಮನ ತಪ್ಪಿದರೆ ಹೊಲಿಗೆಯೂ ತಪ್ಪುತ್ತದೆ. ಇದು ಬರೀ ಮಾತಲ್ಲ. ಮಿದುಳಿನ ಪರೈಟಲ್ ಭಾಗದ ಎರಡೂ ಬದಿಗೆ ಹಾನಿಯಾಗಿದ್ದ ಒಬ್ಬ ರೋಗಿ, ಅಕ್ಷರಗಳನ್ನು ಹತ್ತು ಸೆಕೆಂಡ್ ನೋಡಿದ ಮೇಲೂ ಒಂದರ ಬಣ್ಣವನ್ನು ಇನ್ನೊಂದಕ್ಕೆ ಅಂಟಿಸಿ ಹೇಳುತ್ತಿದ್ದ. 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವರದಿ ಅದು. ಟ್ರೀಸ್‌ಮನ್ ಅದರ ಲೇಖಕರಲ್ಲೊಬ್ಬರು.

ಇನ್ನು ಜಗಳ. 1986ರಲ್ಲಿ ನಕಯಾಮ ಮತ್ತು ಸಿಲ್ವರ್‌ಮನ್, ಆಳದ ಜೊತೆ ಬಣ್ಣ ಬೆರೆತಾಗ ಹುಡುಕಾಟ ಒಂದೊಂದಾಗಿ ನಡೆಯುವುದಿಲ್ಲ ಎಂದು ತೋರಿಸಿದರು. 1989ರಲ್ಲಿ ಡಂಕನ್ ಮತ್ತು ಹಂಫ್ರೀಸ್, ಹುಡುಕಾಟ ಎಷ್ಟು ಕಷ್ಟ ಎಂದು ನಿರ್ಧರಿಸುವುದು ಹೋಲಿಕೆ ಎಂದರು. ಅಕ್ಕಿ ಆರಿಸಿದವರಿಗೆ ಈ ವಾದ ತಟ್ಟನೆ ಹೊಳೆಯುತ್ತದೆ: ಮೊರದಲ್ಲಿ ಕರಿಕಲ್ಲು ಕೂಡಲೇ ಸಿಗುತ್ತದೆ, ಬಿಳಿಕಲ್ಲು ಹಲ್ಲಿಗೇ ಸಿಗುತ್ತದೆ. ಅದೇ ವರ್ಷ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಟ್ರೀಸ್‌ಮನ್ ಮಾದರಿಗೆ ‘ಪರ್ಯಾಯ’ ಎಂದು ಘೋಷಿಸಿದರು. 1998ರಲ್ಲಿ ವುಲ್ಫ್ ಹತ್ತು ಲಕ್ಷ ಹುಡುಕಾಟಗಳನ್ನು ಒಟ್ಟುಹಾಕಿ ನೋಡಿದಾಗ, ‘ಒಟ್ಟಿಗೆ’, ‘ಒಂದೊಂದಾಗಿ’ ಎಂಬ ಎರಡು ಗುಂಪು ಕಾಣಲೇ ಇಲ್ಲ. ಸಲೀಸಿನಿಂದ ಕಷ್ಟದವರೆಗೆ ಒಂದೇ ಇಳಿಜಾರು.

ಇವರೆಲ್ಲರ ಉಲ್ಲೇಖವೂ ಟ್ರೀಸ್‌ಮನ್ ಲೆಕ್ಕಕ್ಕೇ ಜಮೆ. ಒಪ್ಪಿದವರಿಗೂ ಒಂದು, ಒಪ್ಪದವರಿಗೂ ಒಂದು.

ಹಾಗೆಂದು ಉಲ್ಲೇಖವೆಲ್ಲ ವಾದವೇ ಅಲ್ಲ. ಡೇವಿಡ್ ಬ್ರೇನಾರ್ಡ್ 1997ರಲ್ಲಿ ‘ಸೈಕೋಫಿಸಿಕ್ಸ್ ಟೂಲ್‌ಬಾಕ್ಸ್’ ಬಗ್ಗೆ ಬರೆದದ್ದು ನಾಲ್ಕೇ ಪುಟ. ಪರದೆಯ ಮೇಲೆ ಚಿತ್ರ ತೋರಿಸುವ ಉಚಿತ ತಂತ್ರಾಂಶದ ಪರಿಚಯವದು. ಬಳಸಿದವರೆಲ್ಲ ಹೆಸರಿಸಿದರು, ಸಾವಿರಾರು ಸಲ. ಎಷ್ಟೋ ಪ್ರಯೋಗಗಳು ನಿಂತಿರುವ ನೆಲ ಅದು, ಅದಕ್ಕೆ ಸಂದ ಮನ್ನಣೆ ನ್ಯಾಯವಾದದ್ದೇ. ಆದರೆ ಅದನ್ನು ಒಂದು ಸಿದ್ಧಾಂತದ ಪಕ್ಕದಲ್ಲಿಟ್ಟು ತೂಗಲಾಗದು.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ತಂದ ಎಚ್-ಇಂಡೆಕ್ಸ್ ಉಲ್ಲೇಖ ಎಣಿಕೆಯ ಈ ಗೊಂದಲವನ್ನು ಸರಿಪಡಿಸುತ್ತದೆ ಎನ್ನುವವರಿದ್ದಾರೆ. ತಲಾ ಹತ್ತು ಸಲವಾದರೂ ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ ಹತ್ತು, ಹೀಗೆ ಅದರ ಲೆಕ್ಕ. ಒಪ್ಪುವುದು ಕಷ್ಟ. ಆ ಅಂಕಿ ಬರೆದ ಪ್ರಬಂಧಗಳ ಸಂಖ್ಯೆಯನ್ನು ಎಂದೂ ಮೀರಲಾರದು. ದೃಷ್ಟಿ ಸಂಶೋಧಕ ಡೇವಿಡ್ ಮಾರ್ ಅವರನ್ನೇ ನೋಡಿ. 1980ರಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅವರ ‘ವಿಷನ್’ ಪುಸ್ತಕ ಹೊರಬಂದದ್ದು 1982ರಲ್ಲಿ. ಒಂದು ತಲೆಮಾರಿಗೆ ದಾರಿ ತೋರಿದ ಆ ಪುಸ್ತಕ ಎಚ್-ಇಂಡೆಕ್ಸಿನಲ್ಲಿ ಹೆಚ್ಚೆಂದರೆ ಒಂದು ಅಂಕ.

ಮತ್ತೆ ಟ್ರೀಸ್‌ಮನ್‌ಗೆ ಬಂದರೆ, ಅವರು ಟೀಕೆಗಳಿಗೆ ಬೆನ್ನು ಹಾಕಲಿಲ್ಲ. 1990ರಲ್ಲಿ ಶರೋನ್ ಸಾಟೊ ಜೊತೆ ಅದೇ ಹುಡುಕಾಟವನ್ನು ಮತ್ತೆ ಕೈಗೆತ್ತಿಕೊಂಡು, ಬೇಡದ ಬಣ್ಣ-ಆಕಾರಗಳನ್ನು ಮಿದುಳು ಮೊದಲೇ ಅದುಮಿಡಬಲ್ಲದು ಎಂದು ತಮ್ಮ ಸಿದ್ಧಾಂತವನ್ನೇ ತಿದ್ದಿದರು. 1980ರ ಪ್ರಬಂಧದ ಉಲ್ಲೇಖಗಳ ಪಟ್ಟಿಯಲ್ಲಿ ಆ ತಿದ್ದುಪಡಿಯೂ ಒಂದು.