ಬೆಳೆ ವಿಮೆ: ರೈತನು ಅರಿತಿರಬೇಕಾದುದು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ತಪ್ಪಿದರೆ ರಾಗಿ ಒಣಗುತ್ತದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ರಾಗಿಗೆ ರೈತನ ಕಂತು ವಿಮಾ ಮೊತ್ತದ ಶೇ. 2ನ್ನು ಮೀರದು. ಆದರೆ ಒಬ್ಬನ ಹೊಲ ಒಣಗಿದ ಮಾತ್ರಕ್ಕೆ ಪರಿಹಾರ ದೊರೆಯದು. ಪಂಚಾಯಿತಿಯ ಆಯ್ದ ಹೊಲಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ಸರಾಸರಿ ಇಳುವರಿಯು ನಿಗದಿತ ಮಟ್ಟಕ್ಕಿಂತ ಕುಸಿದಿರಬೇಕು. ಮಾವಿಗಿರುವ ಹವಾಮಾನಾಧಾರಿತ ವಿಮೆಯಲ್ಲಿ ಮಳೆ, ಉಷ್ಣಾಂಶಗಳ ದಾಖಲೆಯೇ ಸಾಕ್ಷಿ.

ಆಲಿಕಲ್ಲು ಒಬ್ಬನ ರಾಗಿಯನ್ನಷ್ಟೇ ಹೊಡೆದರೆ, 72 ಗಂಟೆಗಳೊಳಗೆ ದೂರು ದಾಖಲಾಗಬೇಕು. ರಸೀದಿಯ ಬೆಳೆಯೂ ಬೆಳೆ ಸಮೀಕ್ಷೆಯ ಬೆಳೆಯೂ ಒಂದೇ ಆಗಿರಬೇಕು. ಭಿನ್ನವಾದರೆ ಪರಿಹಾರ ಕೈತಪ್ಪೀತು.

ಓದು ಬಲ್ಲ ಮಕ್ಕಳು ಇಂದೇ ಮನೆಯ ರಸೀದಿಯನ್ನು ಹಿರಿಯರಿಗೆ ಓದಿ ಹೇಳಲಿ.