ಹುಣ್ಣಿಮೆಯ ಚಂದ್ರ, ಗಜನಿಯ ಒಡ್ಡು



ಕಾರವಾರದ ಕಾಳಿ, ಅಂಕೋಲೆಯ ಗಂಗಾವಳಿ – ಈ ನದಿಗಳ ಅಳಿವೆಯ ಬಳಿ ಗಜನಿ ಗದ್ದೆ ಇದ್ದವರಿಗೆ ಚಂದ್ರ ದೂರದವನಲ್ಲ. ಹುಣ್ಣಿಮೆ, ಅಮಾವಾಸ್ಯೆ ಬಂತೆಂದರೆ ಉಪ್ಪುನೀರು ಒಡ್ಡಿನ ನೆತ್ತಿಗೇರುತ್ತದೆ. ಯಾಕೆ ಹೀಗೆ? ಚಂದ್ರ ಕಡಲನ್ನು ಸೆಳೆಯುತ್ತಾನೆ, ಸೂರ್ಯನೂ ಸೆಳೆಯುತ್ತಾನೆ. ಆ ದಿನಗಳಲ್ಲಿ ಇಬ್ಬರೂ ಭೂಮಿಯೊಡನೆ ಒಂದೇ ಸಾಲಿಗೆ ಬರುತ್ತಾರೆ; ಎರಡು ಸೆಳೆತವೂ ಕೂಡಿಕೊಳ್ಳುತ್ತವೆ. ಅಷ್ಟಮಿಯ ಹೊತ್ತಿಗೆ ಒಂದಕ್ಕೊಂದು ಅಡ್ಡವಾಗಿ ಉಬ್ಬರ ತಗ್ಗುತ್ತದೆ. ನಮ್ಮ ಹಿರಿಯರು ತಿಥಿ ನೋಡಿಯೇ ಇದನ್ನು ತಿಳಿಯುತ್ತಿದ್ದರು.

ಇದೇ ಚಂದ್ರ ಒಬ್ಬ ಕವಿಯನ್ನೂ ಸೆಳೆದಿದ್ದ. 1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯೇರಿ ಕಾಳಿ ನದಿಯಲ್ಲಿ ಸಾಗಿದರು. ಮರಳಿ ಬಂದು ಕವಿತೆ ಬರೆದರು. ಮುಂದೆ 1937ರಲ್ಲಿ ‘ವಿಶ್ವಪರಿಚಯ’ ಎಂಬ ವಿಜ್ಞಾನದ ಪುಸ್ತಕವನ್ನು ಬರೆದವರೂ ಅವರೇ. ಕಾರಣ ತಿಳಿದರೆ ಚೆಲುವು ಕಡಿಮೆಯಾಗುತ್ತದೆ ಅಂತ ಅವರಿಗೆ ಅನಿಸಲಿಲ್ಲ ನೋಡಿ.

ನಮಗೂ ಹಾಗೇ. ಹಾಡಿನ ಚಂದ್ರ, ಪಂಚಾಂಗದ ಚಂದ್ರ, ವಿಜ್ಞಾನದ ಚಂದ್ರ ಎಲ್ಲ ಒಬ್ಬನೇ. ಅಷ್ಟಮಿ-ನವಮಿಯಂದು ಇಳಿತದ ಹೊತ್ತು ನೋಡಿ ಒಡ್ಡಿನ ಏಡಿಬಿಲ ಮುಚ್ಚಿ, ತೂಬಿನ ಹಲಗೆ ಭದ್ರ ಮಾಡಿ. ದೊಡ್ಡ ಉಬ್ಬರ ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೂ ಬರುವುದುಂಟು. ಬಿದಿಗೆಯವರೆಗೆ ಕಾವಲು ಬಿಡಬೇಡಿ. ಒಂದು ರಾತ್ರಿ ಒಡ್ಡು ಒಡೆದರೆ ಮನೆಯ ವರ್ಷದ ಅನ್ನವೇ ಹೋದಂತೆ. ಆಮೇಲೆ ಬೆಳದಿಂಗಳಲ್ಲಿ ಒಡ್ಡಿನ ಮೇಲೆ ಕೂತು ಹಾಡಲು ಯಾರ ಅಡ್ಡಿಯೂ ಇಲ್ಲ.